ಸರ್ಕಾರಿ ಮಾನಸಿಕ ಆರೋಗ್ಯ ಸೇವೆಗೆ ಯಾವ ಮಗು ಅರ್ಹ? ಪ್ರಮಾಣಪತ್ರವಿಲ್ಲದೆ ಚಿಕಿತ್ಸೆ ಸಿಗುವುದೇ?

ಮಗಳ ಅಪ್ಪ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಒಂಬತ್ತು ವರ್ಷ. ದಸರಾ ರಜೆ ಮುಗಿದಾಗಿನಿಂದ ಅವಳು ಶಾಲೆಗೆ ಹೋಗಲು ಒಪ್ಪುತ್ತಿಲ್ಲ. ಭಾನುವಾರ ಸಂಜೆಯಾಗುತ್ತಲೇ ಹೊಟ್ಟೆನೋವು ಶುರುವಾಗುತ್ತದೆ, ರಾತ್ರಿ ಎದ್ದೆದ್ದು ಬಂದು ತಾಯಿಯ ಪಕ್ಕ ಮಲಗುತ್ತಾಳೆ, ಸೋಮವಾರ ಬೆಳಿಗ್ಗೆ ಸಮವಸ್ತ್ರ ಹಾಕಿಕೊಂಡು ಬಾಗಿಲವರೆಗೆ ಬಂದು ಅಲ್ಲೇ ಕುಳಿತುಬಿಡುತ್ತಾಳೆ. ಮಕ್ಕಳ ವೈದ್ಯರು ಸ್ಕ್ಯಾನ್, ರಕ್ತಪರೀಕ್ಷೆ ಎಲ್ಲವನ್ನೂ ಮಾಡಿಸಿ, ದೇಹದಲ್ಲಿ ಏನೂ ತೊಂದರೆಯಿಲ್ಲ, ಮನೋವೈದ್ಯರಿಗೆ ತೋರಿಸಿ ಎಂದರು. ವಾರವಾರವೂ ಖಾಸಗಿಯಾಗಿ ಕೌನ್ಸೆಲಿಂಗ್ ಕೊಡಿಸುವ ಶಕ್ತಿ ನಮಗಿಲ್ಲದ ಕಾರಣ ಸರ್ಕಾರಿ ಆಸ್ಪತ್ರೆಗೆ ಹೋದೆವು.

ಚೀಟಿ ಬರೆಯುವ ಕೌಂಟರಿನಲ್ಲಿ ಬಿಪಿಎಲ್ ಕಾರ್ಡ್ ಕೇಳಿದರು. ನಮ್ಮದು ಎಪಿಎಲ್. ಇನ್ನೊಂದು ಕೊಠಡಿಗೆ ಕಳಿಸಿದರು. ಅಲ್ಲಿದ್ದವರು, ಮಗುವಿಗೆ ವಿಕಲಚೇತನರ ಪ್ರಮಾಣಪತ್ರವಿದ್ದರೆ ಮಾತ್ರ ಇಂಥ ಸೇವೆ ಸಿಗುತ್ತದೆ, ಮೊದಲು ಅದನ್ನು ಮಾಡಿಸಿಕೊಂಡು ಬನ್ನಿ ಎಂದರು. ನನ್ನ ಮಗಳು ಓದುತ್ತಾಳೆ, ಚಿತ್ರ ಬರೆಯುತ್ತಾಳೆ, ಮನೆಯಲ್ಲಿ ಎಲ್ಲರೊಂದಿಗೂ ಮಾತನಾಡುತ್ತಾಳೆ. ಅವಳಿಗೆ ಯಾವ ಪ್ರಮಾಣಪತ್ರ ಕೇಳಬೇಕೆಂದೇ ನನಗೆ ತಿಳಿಯಲಿಲ್ಲ. ಸರ್ಕಾರದ ವೆಚ್ಚದಲ್ಲಿ ನಡೆಯುವ ಮಕ್ಕಳ ಮಾನಸಿಕ ಆರೋಗ್ಯ ಸೇವೆಗೆ ನಿಜವಾಗಿ ಯಾರು ಅರ್ಹರು, ಯಾವ ಕಾಗದಗಳು ಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಸಣ್ಣ ಊರಿನ ವಕೀಲ

ಸರ್, ನಿಮ್ಮನ್ನು ವಾಪಸು ಕಳಿಸಿದ ಎರಡು ಕಾರಣಗಳಿಗೂ ಕಾನೂನಿನ ಆಧಾರವಿಲ್ಲ. ಈ ಗೊಂದಲದಿಂದಲೇ ಎಷ್ಟೋ ಮಕ್ಕಳು ಆಸ್ಪತ್ರೆಯ ಬಾಗಿಲಿನಿಂದ ಹಿಂದಿರುಗುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ, ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣ ಪಡೆಯುವ ಸೇವೆಗಳಿಂದ ಮಾನಸಿಕ ಆರೈಕೆ ಮತ್ತು ಚಿಕಿತ್ಸೆ ಪಡೆಯುವ ಹಕ್ಕನ್ನು ಪ್ರತಿಯೊಬ್ಬ ವ್ಯಕ್ತಿಗೂ ಕೊಟ್ಟಿದೆ. ಪ್ರತಿಯೊಬ್ಬ ವ್ಯಕ್ತಿ ಎಂದ ಮೇಲೆ ಅದರಲ್ಲಿ ಮಗುವೂ ಸೇರಿತು, ಎಪಿಎಲ್ ಕುಟುಂಬದ ಮಗುವೂ ಸೇರಿತು. ಜಾತಿ, ಧರ್ಮ, ಲಿಂಗ, ವರ್ಗ, ಅಂಗವೈಕಲ್ಯ ಯಾವುದರ ಆಧಾರದ ಮೇಲೂ ತಾರತಮ್ಯ ಮಾಡುವಂತಿಲ್ಲ, ಸೇವೆಯು ಕೈಗೆಟುಕುವ ವೆಚ್ಚದಲ್ಲಿ, ಒಳ್ಳೆಯ ಗುಣಮಟ್ಟದಲ್ಲಿ, ಸಾಕಷ್ಟು ಪ್ರಮಾಣದಲ್ಲಿ ಸಿಗಬೇಕು ಎಂದು ಅದೇ ಕಲಂ ಹೇಳುತ್ತದೆ. ಸರ್ಕಾರ ಒದಗಿಸಲೇಬೇಕಾದ ಸೇವೆಗಳ ಸಾಲಿನಲ್ಲಿ ಮಕ್ಕಳ ಮಾನಸಿಕ ಆರೋಗ್ಯ ಸೇವೆಯನ್ನು ಪ್ರತ್ಯೇಕವಾಗಿ ಹೆಸರಿಸಲಾಗಿದೆ.

ಬಿಪಿಎಲ್ ಕಾರ್ಡಿನ ಪ್ರಶ್ನೆ ಬರುವುದು ಚಿಕಿತ್ಸೆ ಪೂರ್ಣ ಉಚಿತವೇ ಎಂಬಲ್ಲಿ ಮಾತ್ರ. ಬಡತನ ರೇಖೆಯ ಕೆಳಗಿರುವವರಿಗೆ, ನಿರ್ಗತಿಕರಿಗೆ, ಮನೆಯಿಲ್ಲದವರಿಗೆ ಯಾವ ಖರ್ಚೂ ಇಲ್ಲದೆ ಚಿಕಿತ್ಸೆ ಕೊಡಬೇಕು. ಅಲ್ಲಿಯೂ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಗಿ, ಕಾರ್ಡ್ ಕೈಯಲ್ಲಿ ಇರಲಿ ಇಲ್ಲದಿರಲಿ ಈ ಹಕ್ಕು ಅವರಿಗಿದೆ ಎಂದು ಬರೆದಿದೆ. ನಿಮ್ಮಂಥ ಎಪಿಎಲ್ ಕುಟುಂಬ ಇತರ ಹೊರರೋಗಿಗಳಂತೆ ಆಸ್ಪತ್ರೆಯ ಸಾಮಾನ್ಯ ಶುಲ್ಕ ಕಟ್ಟಬೇಕಾಗಬಹುದು, ಅಷ್ಟೇ. ಕಾರ್ಡ್ ಇಲ್ಲವೆಂದು ಚೀಟಿ ಬರೆಯುವುದನ್ನೇ ನಿರಾಕರಿಸುವ ಅಧಿಕಾರ ಕೌಂಟರಿಗಿಲ್ಲ.

ಇನ್ನು ಪ್ರಮಾಣಪತ್ರ ಸಂಪೂರ್ಣವಾಗಿ ಬೇರೆ ಕಾನೂನಿನದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ, ಅವುಗಳಲ್ಲಿ ಆಟಿಸಂ, ಬೌದ್ಧಿಕ ವೈಕಲ್ಯ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಸೇರಿವೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣೀಕರಿಸಿದರೆ ಮೀಸಲಾತಿ, ಮಾಸಾಶನ, 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಮುಂತಾದ ಸೌಲಭ್ಯಗಳ ದಾರಿ ತೆರೆಯುತ್ತದೆ. ಮಗು ಮನೋವೈದ್ಯರ ಎದುರು ಕೂರುವುದಕ್ಕೆ ಆ ಕಾಗದ ಬೇಕೆಂದು ಎರಡು ಕಾಯ್ದೆಗಳಲ್ಲಿ ಎಲ್ಲಿಯೂ ಬರೆದಿಲ್ಲ. ಚಿಕಿತ್ಸೆಯ ಅರ್ಹತೆಯೇ ಬೇರೆ, ಸೌಲಭ್ಯದ ಅರ್ಹತೆಯೇ ಬೇರೆ. ಅದಲ್ಲದೆ, ತಪಾಸಣೆಯೇ ಆಗದೆ ಪ್ರಮಾಣಪತ್ರ ಕೊಡುವುದು ಯಾರಿಂದಲೂ ಸಾಧ್ಯವಿಲ್ಲ. ಪ್ರಮಾಣಪತ್ರವಿಲ್ಲದೆ ತಪಾಸಣೆ ಮಾಡುವುದಿಲ್ಲ ಎಂದರೆ ಮಗು ಎಲ್ಲಿಗೆ ಹೋಗಬೇಕು?

ಮಕ್ಕಳ ಮನಃಶಾಸ್ತ್ರಜ್ಞೆ

ವಕೀಲರು ಕಾನೂನನ್ನು ಹೇಳಿದ್ದಾರೆ. ನಾನು ಸರ್ಕಾರಿ ವ್ಯವಸ್ಥೆಯೊಳಗೆ ಕೆಲಸ ಮಾಡುವವಳಾಗಿ ದಾರಿಯನ್ನು ಹೇಳುತ್ತೇನೆ.

ಮಗಳ ಅಪ್ಪ ಅವರೇ, ಮಕ್ಕಳ ವೈದ್ಯರು ಬರೆದ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ರೆಫರಲ್ ಇಲ್ಲದೆಯೂ ನೀವು ಹೋಗಬಹುದು, ಆದರೆ ಅದಿದ್ದರೆ ದೇಹದ ಪರೀಕ್ಷೆಗಳು ಮುಗಿದಿವೆ ಎಂಬುದು ನಮಗೆ ತಿಳಿಯುತ್ತದೆ, ಮಗುವಿಗೆ ಮತ್ತೆ ಸೂಜಿ ಚುಚ್ಚುವುದು ತಪ್ಪುತ್ತದೆ. ಜಿಲ್ಲಾಸ್ಪತ್ರೆಯಲ್ಲಿ ಸಾಮಾನ್ಯ ಹೊರರೋಗಿ ಚೀಟಿ ಮಾಡಿಸಿ, ಮನೋವೈದ್ಯಕೀಯ ವಿಭಾಗ ಅಥವಾ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕೊಠಡಿ ಎಲ್ಲಿದೆ ಎಂದು ಕೇಳಿ. ಮಕ್ಕಳ ವಿಭಾಗ ಎಂದು ಕೇಳಿದರೆ ಬೇರೆಡೆಗೆ ಕಳಿಸುವ ಸಾಧ್ಯತೆ ಹೆಚ್ಚು, ಏಕೆಂದರೆ ಬಹಳಷ್ಟು ಜಿಲ್ಲೆಗಳಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ಮನೋವೈದ್ಯಕೀಯ ಘಟಕವಿಲ್ಲ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಿದೆ. ಯಾವ ಮಂಗಳವಾರ ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಹೋಗಿ. ಅಲ್ಲಿಯವರೆಗೆ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿಯೇ ಮಾತನಾಡುತ್ತಾರೆ, ಯಾವ ಕಾರ್ಡನ್ನೂ ಕೇಳುವುದಿಲ್ಲ.

ಒಳಗೆ ಹೋದಾಗ, ಮಗು ಶಾಲೆಗೆ ಹೋಗುವುದಿಲ್ಲ ಎಂದಷ್ಟೇ ಹೇಳಬೇಡಿ. ಇಲ್ಲಿ ಬರೆದಂತೆಯೇ ಹೇಳಿ: ಭಾನುವಾರ ಸಂಜೆಯ ಹೊಟ್ಟೆನೋವು, ರಾತ್ರಿ ಎದ್ದು ಬರುವುದು, ಸಮವಸ್ತ್ರ ಹಾಕಿಕೊಂಡೂ ಹೊಸ್ತಿಲು ದಾಟಲಾಗದಿರುವುದು. ಎಷ್ಟು ವಾರಗಳಿಂದ ಹೀಗಿದೆ, ಊಟ ನಿದ್ದೆ ಆಟಗಳಲ್ಲಿ ಏನು ಬದಲಾಗಿದೆ, ಶಾಲೆಯಲ್ಲಿ ಯಾವುದಾದರೂ ಘಟನೆ ನಡೆಯಿತೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಬಿಡುವಿಲ್ಲದ ವೈದ್ಯರ ಮುಂದೆ ಆ ಒಂದು ಹಾಳೆ ಬಹಳ ಕೆಲಸ ಮಾಡುತ್ತದೆ. ಶಾಲೆಯಲ್ಲಿ ಮಗುವಿಗೆ ಯಾರಿಂದಾದರೂ ಹಿಂಸೆಯಾಗಿದೆಯೇ ಎಂಬುದನ್ನೂ ಮೃದುವಾಗಿ ವಿಚಾರಿಸಲೇಬೇಕು. ಈ ವಯಸ್ಸಿನ ಮಕ್ಕಳ ಹೊಟ್ಟೆನೋವಿನ ಹಿಂದೆ ಕೆಲವೊಮ್ಮೆ ಅಂಥ ಸಂಗತಿ ಇರುತ್ತದೆ.

ಇಬ್ಬರು ಮಕ್ಕಳ ತಾಯಿ

ನನ್ನದು ಇದಕ್ಕೆ ಹೊಂದಿಕೊಂಡಿರುವ ಪ್ರಶ್ನೆ. ನನ್ನ ತಂಗಿಯ ಮಗ ಸರ್ಕಾರಿ ಶಾಲೆಯಲ್ಲಿ ಓದುತ್ತಾನೆ. ಶಾಲೆಗೇ ವೈದ್ಯರ ತಂಡ ಬಂದು ನೋಡಿ, ಅವನ ಮಾತಿನ ತೊಂದರೆಯನ್ನು ಗುರುತಿಸಿ ಜಿಲ್ಲಾ ಕೇಂದ್ರಕ್ಕೆ ಕಳಿಸಿದರು, ಎಲ್ಲವೂ ಉಚಿತವಾಗಿ ಆಯಿತು. ನನ್ನ ಮಗ ಅನುದಾನರಹಿತ ಖಾಸಗಿ ಶಾಲೆಯಲ್ಲಿದ್ದಾನೆ. ಅವನು ಒಂದು ಕಡೆ ಕೂರುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಅರ್ಧಕ್ಕೆ ಬಿಡುತ್ತಾನೆ, ತರಗತಿಯಿಂದ ವಾರಕ್ಕೆರಡು ದೂರು ಬರುತ್ತದೆ. ಅವನ ಶಾಲೆಗೆ ಅಂಥ ತಂಡ ಬಂದೇ ಇಲ್ಲ. ನಾವು ಖಾಸಗಿ ಶಾಲೆಗೆ ಸೇರಿಸಿದ್ದರಿಂದ ಸರ್ಕಾರಿ ಸೇವೆಗೆ ಅರ್ಹತೆ ಕಳೆದುಕೊಂಡೆವೇ? ಇನ್ನೊಂದು ಆತಂಕವೂ ಇದೆ. ಸರ್ಕಾರಿ ದಾಖಲೆಯಲ್ಲಿ ಒಮ್ಮೆ ಮಾನಸಿಕ ಕಾಯಿಲೆ ಎಂದು ಬರೆದರೆ ಮುಂದೆ ಅವನ ಓದು, ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ಮನೆಯ ಹಿರಿಯರು ಹೆದರಿಸುತ್ತಿದ್ದಾರೆ.

ಮಕ್ಕಳ ಮನಃಶಾಸ್ತ್ರಜ್ಞೆ

ನಿಮ್ಮ ತಂಗಿಯ ಮಗನನ್ನು ನೋಡಿದ್ದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ. 2013ರಲ್ಲಿ ಆರಂಭವಾದ ಈ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿ ಇದೆ. ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಹೋಗಬೇಕು. ತಪಾಸಣೆ ಮಾಡಬೇಕಾದ 30 ತೊಂದರೆಗಳ ಪಟ್ಟಿಯಲ್ಲಿ ಭಾಷೆಯ ಬೆಳವಣಿಗೆಯ ವಿಳಂಬ, ಆಟಿಸಂ, ಕಲಿಕಾ ನ್ಯೂನತೆ, ಎಡಿಎಚ್‌ಡಿ (ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ) ಇವೆಲ್ಲವೂ ಸೇರಿವೆ. ಅನುದಾನರಹಿತ ಶಾಲೆಗಳು ಈ ಭೇಟಿಯ ವ್ಯಾಪ್ತಿಗೆ ಬಂದಿಲ್ಲ, ಇದು ನಿಜವಾದ ಕೊರತೆ. ಕಡಿಮೆ ಶುಲ್ಕದ ಖಾಸಗಿ ಶಾಲೆಗಳಲ್ಲಿ ಓದುತ್ತಿರುವ ಲಕ್ಷಾಂತರ ಮಕ್ಕಳನ್ನು ಯಾರೂ ತಪಾಸಣೆ ಮಾಡುತ್ತಿಲ್ಲ ಎಂಬುದನ್ನು ನಾನು ಸಭೆಗಳಲ್ಲಿಯೂ ಹೇಳುತ್ತಾ ಬಂದಿದ್ದೇನೆ.

ಆದರೆ ತಂಡ ನಿಮ್ಮ ಬಳಿಗೆ ಬರುವುದಿಲ್ಲ ಎಂದರೆ ನೀವು ಆಸ್ಪತ್ರೆಗೆ ಹೋಗುವಂತಿಲ್ಲ ಎಂದರ್ಥವಲ್ಲ. ಜಿಲ್ಲಾಸ್ಪತ್ರೆಯ ಹೊರರೋಗಿ ವಿಭಾಗ ಮಗು ಯಾವ ಶಾಲೆಯದೆಂದು ಕೇಳುವುದಿಲ್ಲ. ಮಕ್ಕಳ ವಿಭಾಗದ ವೈದ್ಯರ ಮೂಲಕ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೂ, ಅಂದರೆ ಎಲ್ಲರೂ ಡಿಇಐಸಿ ಎಂದು ಕರೆಯುವ ಕೇಂದ್ರಕ್ಕೂ ಹೋಗಬಹುದು.

ದಾಖಲೆಯ ಭಯದ ಬಗ್ಗೆ ಕಾನೂನು ಬಲ್ಲವರೇ ಹೇಳಲಿ.

ಸಣ್ಣ ಊರಿನ ವಕೀಲ

ಮೇಡಂ, ಹಿರಿಯರ ಭಯ ಅರ್ಥವಾಗುತ್ತದೆ, ಆದರೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಂ ಇದೇ ಭಯಕ್ಕೆ ಉತ್ತರ ಕೊಟ್ಟಿದೆ. ಚಿಕಿತ್ಸೆಗೆ ನೇರವಾಗಿ ಸಂಬಂಧಿಸಿದ ಉದ್ದೇಶಕ್ಕೆ ಅಥವಾ ಕಾನೂನು ಹೇಳಿದ ಇತರ ವಿಷಯಗಳಿಗೆ ಹೊರತು ಯಾರನ್ನೂ ಮಾನಸಿಕ ಅಸ್ವಸ್ಥರೆಂದು ವರ್ಗೀಕರಿಸುವಂತಿಲ್ಲ. ಹಿಂದೆ ಚಿಕಿತ್ಸೆ ಪಡೆದಿದ್ದರು ಎಂಬುದೊಂದೇ ಕಾರಣಕ್ಕೆ ಈಗಲೂ ಮುಂದೆಯೂ ಅಸ್ವಸ್ಥರೆಂದು ತೀರ್ಮಾನಿಸುವಂತಿಲ್ಲ. 23ನೇ ಕಲಮಿನಡಿ ಗೋಪ್ಯತೆಯ ಹಕ್ಕಿದೆ, ಆದ್ದರಿಂದ ಆಸ್ಪತ್ರೆ ತಾನಾಗಿ ಶಾಲೆಗೆ ವರದಿ ಕಳಿಸುವಂತಿಲ್ಲ. ಶಾಲೆಗೆ ಎಷ್ಟು ತಿಳಿಸಬೇಕು ಎಂಬುದು ನಿಮ್ಮ ತೀರ್ಮಾನ.

ಹಳ್ಳಿ ಶಾಲೆಯ ಮೇಷ್ಟ್ರು

ಈ ಚರ್ಚೆಯನ್ನು ಓದುತ್ತಾ ನನ್ನ ತರಗತಿಯ ಒಬ್ಬ ಹುಡುಗನ ವಿಷಯ ಹೇಳಲೇಬೇಕೆನಿಸಿತು. ಐದನೇ ತರಗತಿ. ಹೊಲದಲ್ಲಿ ನೀರು ಹಾಯಿಸುವುದರಿಂದ ಹಿಡಿದು ಕುರಿಗೆ ಔಷಧ ಹಾಕುವುದರವರೆಗೆ ಎಲ್ಲವನ್ನೂ ವಿವರಿಸುತ್ತಾನೆ. ಪುಸ್ತಕ ತೆರೆದರೆ ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಾನೆ, ಕೂಡುವ ಲೆಕ್ಕದಲ್ಲಿ ದಶಕ ಒಯ್ಯುವುದನ್ನು ನೂರು ಸಲ ಹೇಳಿಕೊಟ್ಟರೂ ಮರುದಿನಕ್ಕೆ ಮರೆಯುತ್ತಾನೆ. ಈಚೆಗೆ ಮಾತು ಕಡಿಮೆ ಮಾಡಿದ್ದಾನೆ, ತಾನು ದಡ್ಡ ಎಂದು ಗೆಳೆಯರ ಬಳಿ ಹೇಳಿಕೊಳ್ಳುತ್ತಾನಂತೆ.

ತಾಯಿಯ ಜೊತೆ ನಾನೇ ಹೋಗಿ ಪರೀಕ್ಷೆ ಮಾಡಿಸಿದೆ. ಬುದ್ಧಿಮಟ್ಟ (ಐಕ್ಯು) ಗಡಿರೇಖೆಯಲ್ಲಿದೆ ಎಂದರು. ಬೌದ್ಧಿಕ ವೈಕಲ್ಯದ ಅಳತೆಯಲ್ಲಿ ಅವನಿಗೆ ಬರುವುದು ಶೇಕಡಾ 25, ಹಾಗಾಗಿ 40ರ ಗೆರೆ ಮುಟ್ಟುವುದಿಲ್ಲ. ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನಾದರೂ ಕೊಡಿ ಎಂದರೆ ಅದಕ್ಕೆ ಬುದ್ಧಿಮಟ್ಟ ಇನ್ನೂ ಹೆಚ್ಚಿರಬೇಕು ಎಂದರು. ಎರಡು ಕಡೆಯಿಂದಲೂ ಹೊರಗಾದ ಇಂಥ ಮಗುವಿಗೆ ಅರ್ಹತೆ ಎಂಬುದು ಎಲ್ಲಿದೆ? ಪ್ರತಿ ತರಗತಿಯಲ್ಲೂ ಇಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಮುಂದೆ ಶಾಲೆ ಬಿಡುವವರೂ ಅವರೇ.

ಮಕ್ಕಳ ಮನಃಶಾಸ್ತ್ರಜ್ಞೆ

ಮೇಷ್ಟ್ರೇ, ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಹೆಚ್ಚು ಸಂಕಟ ಕೊಡುವ ಜಾಗವನ್ನು ನೀವು ತೋರಿಸಿದ್ದೀರಿ. 2018ರ ಮಾರ್ಗಸೂಚಿಯ ಪ್ರಕಾರ ಕಲಿಕಾ ನ್ಯೂನತೆಯನ್ನು ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿಯಿಂದ ಅಳೆಯುವ ಮುಂಚೆ ಮಗುವಿನ ಬುದ್ಧಿಮಟ್ಟ 85ಕ್ಕಿಂತ ಹೆಚ್ಚಿದೆಯೇ ಎಂದು ನೋಡಬೇಕು. 70ರಿಂದ 85ರ ನಡುವಿನ ಮಕ್ಕಳು ಒಂದು ಕಡೆ ಬೌದ್ಧಿಕ ವೈಕಲ್ಯದ 40ರ ಗೆರೆಗೆ ಸಿಗುವುದಿಲ್ಲ, ಇನ್ನೊಂದು ಕಡೆ ಕಲಿಕಾ ನ್ಯೂನತೆಯ ಪರೀಕ್ಷೆಗೂ ಸಿಗುವುದಿಲ್ಲ. ಎಡಿಎಚ್‌ಡಿ ಇರುವ ಮಕ್ಕಳ ಕಥೆಯೂ ಇಂಥದ್ದೇ, ಏಕೆಂದರೆ 21ರ ಪಟ್ಟಿಯಲ್ಲಿ ಅದಕ್ಕೆ ತನ್ನದೇ ಆದ ಸ್ಥಾನವಿಲ್ಲ. ಬಾಲ ಸ್ವಾಸ್ಥ್ಯದ ತಂಡ ಹುಡುಕಬೇಕಾದ ತೊಂದರೆ ಎಂದು ಒಪ್ಪಿದ ಮೇಲೆ ಸೌಲಭ್ಯದ ಪಟ್ಟಿಯಲ್ಲಿ ಅದನ್ನು ಬಿಟ್ಟಿರುವುದು ನನಗೆ ಸರಿಯೆನಿಸುವುದಿಲ್ಲ.

ವಯಸ್ಸಿನ ಗೆರೆಯೂ ಇದೆ. ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ಎಂಟು ವರ್ಷ ತುಂಬಿದ ಮೇಲೆ ಕೊಡುತ್ತಾರೆ, 14ರಲ್ಲಿ ಮತ್ತು 18ರಲ್ಲಿ ಮರುಪರೀಕ್ಷೆ ಇರುತ್ತದೆ. ಎಂಟರವರೆಗೆ ಕಾಯುವುದರಲ್ಲಿ ಒಂದು ತರ್ಕವಿದೆ, ಅದಕ್ಕೂ ಮುಂಚೆ ಓದು ತಡವಾಗಿ ಬರುವ ಮಕ್ಕಳನ್ನು ಆತುರದಿಂದ ಹೆಸರಿಸಿಬಿಡುವ ಅಪಾಯವಿರುತ್ತದೆ. ಆದರೆ ಓದು ಕಲಿಸುವ ವಿಶೇಷ ನೆರವಿಗೆ ಎಂಟು ತುಂಬುವವರೆಗೆ ಕಾಯಬೇಕಾಗಿಲ್ಲ.

ಈಗ ನಿಮ್ಮ ಹುಡುಗನ ವಿಷಯ. ಅವನಿಗೆ ಪ್ರಮಾಣಪತ್ರ ಸಿಗುವುದಿಲ್ಲ, ಚಿಕಿತ್ಸೆ ಸಿಗಬೇಕು. ಮಾತು ಕಡಿಮೆಯಾಗಿರುವುದು, ತನ್ನನ್ನು ದಡ್ಡ ಎಂದುಕೊಳ್ಳುತ್ತಿರುವುದು ಖಿನ್ನತೆಯ ಆರಂಭವಿರಬಹುದು, ಅದನ್ನು ನೋಡುವುದು ನಮ್ಮ ಕೆಲಸ. ಹಿಂದಿನ ಸಲ ನೀವು ಶೇಕಡಾವಾರು ಕೇಳಲು ಹೋಗಿದ್ದಿರಿ, ಅಲ್ಲಿದ್ದವರು ಶೇಕಡಾವಾರನ್ನಷ್ಟೇ ನೋಡಿ ಕಳಿಸಿದರು. ಈ ಸಲ ಹುಡುಗ ಮಂಕಾಗಿದ್ದಾನೆ, ಮಾತು ಬಿಟ್ಟಿದ್ದಾನೆ ಎಂದು ಹೇಳಿ ಕರೆದುಕೊಂಡು ಬನ್ನಿ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ, ಮಾನಸಿಕ ಆರೋಗ್ಯ ಸಂಸ್ಥೆಗಳಾದ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವುಗಳಲ್ಲಿ ಯಾವುದು ಹತ್ತಿರವೋ ಅಲ್ಲಿಗೆ ಜಿಲ್ಲಾಸ್ಪತ್ರೆಯಿಂದಲೇ ಬರೆಸಿಕೊಳ್ಳಬಹುದು.

ನಿವೃತ್ತ ಆರೋಗ್ಯಾಧಿಕಾರಿ

ಎಲ್ಲರ ಕಳಕಳಿಯನ್ನೂ ಗೌರವಿಸುತ್ತಲೇ ಬೇರೆ ಮಾತು ಹೇಳುತ್ತೇನೆ. ಜಿಲ್ಲೆಯ ಆಡಳಿತದಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು, ತೀವ್ರ ಮನೋರೋಗ ಮತ್ತು ಮೂರ್ಛೆರೋಗ ಇರುವವರಿಗೆ ಊರಿನ ಹತ್ತಿರವೇ ಔಷಧ ಸಿಗುವಂತೆ ಮಾಡಿದ್ದು ಅದರ ದೊಡ್ಡ ಸಾಧನೆ. ಮಕ್ಕಳಿಗೆ ಬೇಕಾಗುವ ದೀರ್ಘ ಸಮಾಲೋಚನೆ, ಆಟದ ಚಿಕಿತ್ಸೆ, ಪೋಷಕರ ತರಬೇತಿ ಇವುಗಳಿಗೆ ಬೇಕಾದ ಕೈಗಳು ಆ ಏರ್ಪಾಡಿನಲ್ಲಿ ಇರಲಿಲ್ಲ, ಇಂದಿಗೂ ಸಾಕಷ್ಟಿಲ್ಲ.

ಇಂಥ ಸ್ಥಿತಿಯಲ್ಲಿ ಎಲ್ಲ ಮಕ್ಕಳೂ ಅರ್ಹರು ಎಂದು ಘೋಷಿಸಿದರೆ ಸಾಲು ಬೆಳೆಯುತ್ತದೆ, ಸಾಯುವ ಮಾತನಾಡುತ್ತಿರುವ ಹುಡುಗಿಯೂ ಶಾಲೆಗೆ ಹೋಗಲು ಹಟ ಮಾಡುವ ಮಗುವೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇನ್ನೊಂದು ಅಂಶ, ಕಾಯ್ದೆ ಮಾನಸಿಕ ಅಸ್ವಸ್ಥತೆಯನ್ನು ನಿರೂಪಿಸುವಾಗ ಗಣನೀಯವಾದ ವ್ಯತ್ಯಯ, ತೀವ್ರವಾಗಿ ಕುಂದಿದ ಸಾಮರ್ಥ್ಯ ಎಂದೇ ಹೇಳಿದೆ. ಎಲ್ಲ ಆತಂಕವೂ ಅದರೊಳಗೆ ಬರುವುದಿಲ್ಲ. ಕಾಗದ ಕೇಳುವ ಗುಮಾಸ್ತ ಮಾಡಿದ್ದು ತಪ್ಪು ಎಂದು ಒಪ್ಪುತ್ತೇನೆ, ಆದರೆ ಎಲ್ಲೋ ಒಂದು ಗೆರೆ ಬೇಕೇ ಬೇಕು.

ಸಣ್ಣ ಊರಿನ ವಕೀಲ

ಸರ್, ನಿರೂಪಣೆಯ ವಿಷಯದಲ್ಲಿ ನೀವು ಹೇಳಿದ್ದು ಅರ್ಧ ಸರಿ. ಮಾನಸಿಕ ಅಸ್ವಸ್ಥತೆಯ ನಿರೂಪಣೆ ಬಿಗಿಯಾಗಿದೆ, ಬೌದ್ಧಿಕ ಬೆಳವಣಿಗೆಯ ಕೊರತೆಯನ್ನು ಅದರಿಂದ ಹೊರಗೂ ಇಟ್ಟಿದೆ. ಆದರೆ ಹಕ್ಕು ಇರುವುದು ಮಾನಸಿಕ ಆರೋಗ್ಯ ಆರೈಕೆಗೆ, ಮತ್ತು ಆ ಆರೈಕೆಯನ್ನು ಕಾಯ್ದೆ ಬಹಳ ಅಗಲವಾಗಿ ನಿರೂಪಿಸಿದೆ: ವ್ಯಕ್ತಿಯ ಮಾನಸಿಕ ಸ್ಥಿತಿಯ ವಿಶ್ಲೇಷಣೆ, ರೋಗನಿರ್ಣಯ, ಅಸ್ವಸ್ಥತೆ ಇರುವವರಿಗೆ ಅಥವಾ ಇರಬಹುದೆಂಬ ಶಂಕೆ ಇರುವವರಿಗೆ ಚಿಕಿತ್ಸೆ, ಆರೈಕೆ, ಪುನರ್ವಸತಿ. ಶಂಕೆ ಇದ್ದರೆ ಸಾಕು, ಬಾಗಿಲು ತೆರೆಯಬೇಕು. ಗಣನೀಯವೋ ಅಲ್ಲವೋ ಎಂದು ತೀರ್ಮಾನಿಸುವುದು ಒಳಗೆ ಕುಳಿತ ತಜ್ಞರ ಕೆಲಸ. ಅದನ್ನು ಚೀಟಿ ಕೌಂಟರಿಗೆ ಬಿಡಲಾಗದು. ಅದೇ ನಿರೂಪಣೆ ಬದುಕಿನ ಸಾಮಾನ್ಯ ಬೇಡಿಕೆಗಳನ್ನು ಪೂರೈಸುವ ಸಾಮರ್ಥ್ಯ ಕುಂದುವುದನ್ನೂ ಹೇಳುತ್ತದೆ. ಒಂಬತ್ತು ವರ್ಷದ ಮಗುವಿಗೆ ಬದುಕಿನ ಸಾಮಾನ್ಯ ಬೇಡಿಕೆ ಎಂದರೆ ಶಾಲೆ, ನಿದ್ದೆ, ಗೆಳೆಯರು. ಮೇಲಿನ ಹುಡುಗಿಯಲ್ಲಿ ಮೂರರಲ್ಲಿ ಎರಡು ಕುಸಿದಿವೆ.

ಮಕ್ಕಳ ಮನಃಶಾಸ್ತ್ರಜ್ಞೆ

ಅಧಿಕಾರಿಗಳ ಆತಂಕ ನನ್ನದೂ ಹೌದು, ಪ್ರತಿದಿನ ಆ ಸಾಲನ್ನು ನೋಡುವವಳು ನಾನು. ಆದರೆ ಗೆರೆ ಎಳೆಯುವುದಕ್ಕೂ ಸರದಿ ನಿರ್ಧರಿಸುವುದಕ್ಕೂ ವ್ಯತ್ಯಾಸವಿದೆ. ಸಾಯುವ ಮಾತನಾಡಿದ ಮಗುವನ್ನು ಅದೇ ಗಂಟೆಯಲ್ಲಿ ನೋಡುತ್ತೇವೆ, ಶಾಲೆಗೆ ಹೋಗಲಾಗದ ಮಗುವನ್ನು ಅದೇ ವಾರದಲ್ಲಿ ನೋಡುತ್ತೇವೆ, ಕಲಿಕಾ ಪರೀಕ್ಷೆಗೆ ಬಂದವರಿಗೆ ಮುಂದಿನ ದಿನಾಂಕ ಕೊಡುತ್ತೇವೆ. ಮೂವರೂ ಅರ್ಹರೇ. ಯಾರನ್ನು ಮೊದಲು ನೋಡಬೇಕು ಎಂಬುದನ್ನು ಮಾತ್ರ ನಾವು ತೀರ್ಮಾನಿಸುತ್ತೇವೆ. ಬಾಗಿಲಲ್ಲಿಯೇ ಕಾಗದ ಕೇಳಿ ಕಳಿಸಿದರೆ ಈ ತೀರ್ಮಾನವನ್ನೇ ಮಾಡಲಾಗುವುದಿಲ್ಲ, ಏಕೆಂದರೆ ವಾಪಸು ಹೋದವರಲ್ಲಿ ಯಾರು ಅಪಾಯದಲ್ಲಿದ್ದರು ಎಂಬುದು ನಮಗೆ ಗೊತ್ತೇ ಆಗುವುದಿಲ್ಲ. ಹೊಟ್ಟೆನೋವು ಎಂದು ಬಂದ ಮಕ್ಕಳು ಮೂರನೆಯ ಭೇಟಿಯಲ್ಲಿ, ಬಣ್ಣದ ಪೆನ್ಸಿಲ್ ಕೈಯಲ್ಲಿ ಹಿಡಿದು ಮುಖ ಎತ್ತದೆ, ಮನೆಯಲ್ಲಿ ಯಾರಿಗೂ ಹೇಳದ ಸಂಗತಿ ಹೇಳಿದ್ದನ್ನು ನಾನು ಕೇಳಿದ್ದೇನೆ.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇದೆಯೆಂದು ಕಂಡುಕೊಂಡಿತು. ವಯಸ್ಕರಲ್ಲಿ ಕಾಣುವ ಮಾನಸಿಕ ತೊಂದರೆಗಳಲ್ಲಿ ಅರ್ಧದಷ್ಟು 18 ವರ್ಷದೊಳಗೇ ಆರಂಭವಾಗಿರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಂದು ಹೊಸ್ತಿಲಲ್ಲಿ ಕುಳಿತ ಮಗುವಿಗೆ ಕೆಲವು ಭೇಟಿಗಳು, ತಂದೆತಾಯಿಗೆ ಒಂದಿಷ್ಟು ಮಾರ್ಗದರ್ಶನ, ಶಾಲೆಯೊಂದಿಗೆ ಒಂದು ಮಾತುಕತೆ ಸಾಕಾಗಬಹುದು. ವರ್ಷಗಟ್ಟಲೆ ಶಾಲೆ ತಪ್ಪಿಸಿಕೊಂಡ ಮೇಲೆ ಅದೇ ಮಗುವಿಗೆ ಹತ್ತರಷ್ಟು ಸಮಯ ಬೇಕಾಗುತ್ತದೆ. ಕೈಗಳು ಕಡಿಮೆಯಿವೆ ಎಂಬ ಕಾರಣಕ್ಕೇ ಬೇಗ ನೋಡಬೇಕು.

ನಿವೃತ್ತ ಆರೋಗ್ಯಾಧಿಕಾರಿ

ಸರದಿ ಎಂಬ ಮಾತನ್ನು ಒಪ್ಪುತ್ತೇನೆ. ಅದನ್ನು ಮಾಡಬಲ್ಲ ಒಬ್ಬ ತರಬೇತಿ ಪಡೆದ ಶುಶ್ರೂಷಕಿಯನ್ನು ಕೌಂಟರಿನ ಪಕ್ಕದಲ್ಲಿ ಕೂರಿಸುವವರೆಗೆ ಕಾಗದ ಕೇಳುವ ಅಭ್ಯಾಸ ತಪ್ಪುವುದು ಕಷ್ಟ. ಹುದ್ದೆಗಳ ಬಗ್ಗೆ ಒತ್ತಾಯ ಮಾಡುವಾಗ ಮನೋವೈದ್ಯರನ್ನಷ್ಟೇ ಕೇಳದೆ ಈ ಹುದ್ದೆಯನ್ನೂ ಕೇಳಿ.

ತಮ್ಮನ ಅಕ್ಕ

ನಮಗೆ ತಂದೆತಾಯಿ ಇಲ್ಲ. ಹದಿನೇಳು ವರ್ಷದ ತಮ್ಮನನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಎರಡು ತಿಂಗಳಿಂದ ಅವನಿಗೆ ಯಾರೋ ಮಾತನಾಡಿಸಿದಂತೆ ಕೇಳಿಸುತ್ತಿದೆ. ದಾಖಲಿಸಬೇಕಾಗಬಹುದು ಎಂದು ವೈದ್ಯರು ಹೇಳಿದ್ದಾರೆ. ಕಾನೂನಿನ ಪ್ರಕಾರ ನಾನು ಪೋಷಕಳಲ್ಲ ಎಂದು ಸಹಿ ಹಾಕಿಸಿಕೊಳ್ಳಲು ಹಿಂಜರಿಯುತ್ತಿದ್ದಾರೆ. ಇನ್ನು ಕೆಲವೇ ತಿಂಗಳಲ್ಲಿ ಅವನಿಗೆ 18 ತುಂಬುತ್ತದೆ, ಆಗ ಎಲ್ಲ ಮತ್ತೆ ಮೊದಲಿಂದ ಶುರುವಾಗುತ್ತದೆಯೇ?

ಸಣ್ಣ ಊರಿನ ವಕೀಲ

ಅಮ್ಮಾ, ಹೊರರೋಗಿಯಾಗಿ ಚಿಕಿತ್ಸೆ ನಡೆಯುತ್ತಿದ್ದರೆ ಅದು ನಿಲ್ಲಬಾರದು. ದಾಖಲಾತಿಗೆ ಮಾತ್ರ 87ನೇ ಕಲಮಿನ ವಿಶೇಷ ನಿಯಮಗಳಿವೆ. 18 ತುಂಬದವರ ಪರವಾಗಿ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಡಬೇಕು. ಇಬ್ಬರು ಮನೋವೈದ್ಯರು, ಅಥವಾ ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಇಲ್ಲವೇ ವೈದ್ಯರು, ಪ್ರತ್ಯೇಕವಾಗಿ ಪರೀಕ್ಷಿಸಿ ಒಪ್ಪಬೇಕು. ಅವನನ್ನು ವಯಸ್ಕರಿಂದ ಬೇರೆಯಾಗಿ ಇರಿಸಬೇಕು, ಪ್ರತಿನಿಧಿ ಅಥವಾ ಅವರು ನೇಮಿಸಿದವರು ಜೊತೆಗಿರಬೇಕು, ದಾಖಲಿಸಿದ 72 ಗಂಟೆಗಳೊಳಗೆ ಮಾನಸಿಕ ಆರೋಗ್ಯ ಪುನರಾವಲೋಕನ ಮಂಡಳಿಗೆ ತಿಳಿಸಬೇಕು.

ಮಕ್ಕಳಿಗೆ ಕಾನೂನುಬದ್ಧ ಪೋಷಕರೇ ಪ್ರತಿನಿಧಿ. ಅಂಥವರು ಇಲ್ಲದಿದ್ದಾಗ ನಿಮ್ಮನ್ನೇ ನೇಮಿಸುವಂತೆ ಮಂಡಳಿಗೆ ಅರ್ಜಿ ಹಾಕಿ, ವೈದ್ಯರೂ ಅದನ್ನು ಹಾಕಬಹುದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ, ಇವತ್ತೇ ಹೋಗಿ. ಒಳರೋಗಿ ವೆಚ್ಚಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆಯೂ ಆಸ್ಪತ್ರೆಯಲ್ಲಿ ಕೇಳಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಎಪಿಎಲ್ ಕುಟುಂಬಕ್ಕೆ ಆ ಚಿಕಿತ್ಸೆಗೆ ಯೋಜನೆ ನಿಗದಿಪಡಿಸಿದ ಪ್ಯಾಕೇಜ್ ದರದ ಶೇಕಡಾ 30.

18 ತುಂಬಿದ ದಿನ ಹಕ್ಕು ಹೋಗುವುದಿಲ್ಲ, ಅವನು ಸ್ವತಂತ್ರ ರೋಗಿಯಾಗುತ್ತಾನೆ. ಆಗ ಪ್ರತಿನಿಧಿಯನ್ನು ಅವನೇ ಆರಿಸಿಕೊಳ್ಳಬಹುದು, ನಿಮ್ಮ ಹೆಸರನ್ನೇ ಬರೆದುಕೊಡಬಹುದು. ಮಕ್ಕಳ ವಿಭಾಗದಿಂದ ವಯಸ್ಕರ ವಿಭಾಗಕ್ಕೆ ಹೋಗುವ ಮುಂಚೆ ಎಲ್ಲ ದಾಖಲೆಗಳ ಪ್ರತಿ ಪಡೆದುಕೊಳ್ಳಿ, 25ನೇ ಕಲಂ ಆ ಹಕ್ಕು ಕೊಟ್ಟಿದೆ. ಹುಡುಗರು ಈ ದಾಟುವಿಕೆಯಲ್ಲಿಯೇ ಮಾತ್ರೆ ಬಿಟ್ಟು ಕಳೆದುಹೋಗುತ್ತಾರೆ.

ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ

ನಮ್ಮ ಪಂಚಾಯಿತಿಯಲ್ಲಿ ಹೊರ ಜಿಲ್ಲೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳಿವೆ. ಅವರ ಆಧಾರ್ ವಿಳಾಸ ಬೇರೆ ಕಡೆಯದು, ಆದ್ದರಿಂದ ಮಕ್ಕಳನ್ನು ನೋಡಲು ಹಿಂಜರಿಯುತ್ತಾರೆ. ಚಿಕಿತ್ಸೆಗೆ ವಾಸಸ್ಥಳದ ದಾಖಲೆ ಬೇಕೇ?

ಸಣ್ಣ ಊರಿನ ವಕೀಲ

18ನೇ ಕಲಂ ವಾಸಸ್ಥಳದ ಷರತ್ತು ಹಾಕಿಲ್ಲ. ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ ಮತ್ತು ಪ್ರಮಾಣಪತ್ರಕ್ಕೆ ಮಾತ್ರ ವಾಸದ ಜಿಲ್ಲೆಯ ಪ್ರಶ್ನೆ ಬರುತ್ತದೆ, ಅದರಲ್ಲಿಯೂ ಮಗು ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯಲ್ಲಿಯೇ ಅರ್ಜಿ ಹಾಕುವ ಅವಕಾಶವನ್ನು ವಿಕಲಚೇತನರ ಹಕ್ಕುಗಳ 2017ರ ನಿಯಮಗಳು ಕೊಟ್ಟಿವೆ.

ಮಗಳ ಅಪ್ಪ

ಎಲ್ಲರಿಗೂ ಕೃತಜ್ಞತೆಗಳು. ಮುಂದಿನ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆಂದು ವಿಚಾರಿಸಿ ತಿಳಿದುಕೊಂಡೆ. ಅಲ್ಲಿಯೂ ಕಾಗದ ಕೇಳಿ ಕಳಿಸಿದರೆ ಏನು ಮಾಡಬೇಕು? ಜಗಳವಾಡುವ ಸ್ವಭಾವ ನನ್ನದಲ್ಲ, ಮಗಳ ಎದುರಿಗಂತೂ ಬೇಡ.

ಸಣ್ಣ ಊರಿನ ವಕೀಲ

ಜಗಳ ಬೇಡ ಸರ್. ಒಂದು ಹಾಳೆಯಲ್ಲಿ ಮೊದಲೇ ಹೀಗೆ ಬರೆದಿಟ್ಟುಕೊಳ್ಳಿ: "ನನ್ನ ಮಗಳಿಗೆ ಮಾನಸಿಕ ಆರೋಗ್ಯ ತಪಾಸಣೆ ಬೇಕೆಂದು ಮಕ್ಕಳ ವೈದ್ಯರು ಸೂಚಿಸಿದ್ದಾರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 18ನೇ ಕಲಮಿನಂತೆ ತಪಾಸಣೆ ಮಾಡಿಕೊಡಬೇಕಾಗಿ ವಿನಂತಿ. ಸಾಧ್ಯವಿಲ್ಲದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕಾಗಿ ಕೋರುತ್ತೇನೆ." ಕೆಳಗೆ ದಿನಾಂಕ, ಸಹಿ. ಕೌಂಟರಿನಲ್ಲಿ ತಡೆದರೆ ಇದನ್ನು ಆಡಳಿತ ವೈದ್ಯಾಧಿಕಾರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಕಾರಣವನ್ನು ಬರೆದುಕೊಡಬೇಕಾಗುತ್ತದೆ ಎಂದಾಗ ಸಾಮಾನ್ಯವಾಗಿ ಚೀಟಿಯೇ ಸಿಗುತ್ತದೆ.

ಸಿಗದಿದ್ದರೆ 28ನೇ ಕಲಮಿನಡಿ ದೂರಿನ ಮೆಟ್ಟಿಲುಗಳಿವೆ: ಮೊದಲು ಆಸ್ಪತ್ರೆಯ ಮುಖ್ಯಸ್ಥರು, ಆಮೇಲೆ ಪುನರಾವಲೋಕನ ಮಂಡಳಿ, ಕೊನೆಗೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ. ನಿಮ್ಮ ಜಿಲ್ಲೆಯಲ್ಲಿ ಮಕ್ಕಳಿಗೆ ಸರ್ಕಾರಿ ಸೇವೆಯೇ ಇಲ್ಲವೆಂದು ಬರೆದುಕೊಟ್ಟರೆ ಆ ಕಾಗದವನ್ನು ಕಳೆದುಕೊಳ್ಳಬೇಡಿ. ಅಂಥ ಸಂದರ್ಭದಲ್ಲಿ ಜಿಲ್ಲೆಯ ಬೇರೆ ಮಾನಸಿಕ ಆರೋಗ್ಯ ಸೇವೆ ಪಡೆಯಬಹುದು, ವೆಚ್ಚವನ್ನು ಸರ್ಕಾರ ಭರಿಸಬೇಕು ಎಂದು ಅದೇ 18ನೇ ಕಲಂ ಹೇಳುತ್ತದೆ. ಆ ಹಣ ಕೇಳಲು ಆಧಾರವಾಗುವುದು ಆ ಬರಹವೇ.